ಮಳೆಯಲ್ಲಿ ಮಾತ್ರ ಮಿಸ್ಸಿಂಗ್: ಹಳೆಯ ಹೋಂಡಾ ಸಿಟಿ ವಿಟೆಕ್‌ಗೆ ಪ್ಲಗ್ ವೈರ್ ಬದಲಿಸಿದ ಪ್ರಕರಣ

ಇದು 2002ರ ಹೋಂಡಾ ಸಿಟಿ 1.5 ವಿಟೆಕ್ ಕಾರಿನ ಕಥೆ. ಓಡುವಾಗ ಎಂಜಿನ್ ನಡುನಡುವೆ ತಪ್ಪುವುದಕ್ಕೆ ಗ್ಯಾರೇಜಿನಲ್ಲಿ ಮಿಸ್ಸಿಂಗ್ ಎನ್ನುತ್ತಾರೆ. ಮಾಲೀಕರ ಹೆಸರು, ಅವರ ಊರು, ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಅವರಿಗೆ ದಕ್ಷಿಣ ಕನ್ನಡದಲ್ಲಿ ಕೆಲಸ, ಮೂಡಿಗೆರೆ ಕಡೆ ತವರು ಮನೆ. ಇಷ್ಟು ಗೊತ್ತಿದ್ದರೆ ಸಾಕು. ಯಾಕಂದ್ರೆ ಈ ಎರಡರ ನಡುವೆ ಚಾರ್ಮಾಡಿ ಘಾಟಿ ಇದೆ, ಕಾರಿನ ತೊಂದರೆ ಕಾಣಿಸಿಕೊಂಡದ್ದೂ ಅಲ್ಲೇ.

ಹೋಂಡಾ ಸಿಟಿ ನಮ್ಮ ದೇಶಕ್ಕೆ ಬಂದದ್ದು 1998ರಲ್ಲಿ. ಆಮೇಲೆ ಬಂದ ವಿಟೆಕ್ ಎಂಜಿನ್ 106 ಅಶ್ವಶಕ್ತಿ ಕೊಡುತ್ತಿತ್ತು. ಹಗುರವಾದ ಕಾರು, ಹೆಚ್ಚು ಹೆಚ್ಚು ವೇಗವಾಗಿ ಸುತ್ತಲು ಬಯಸುವ ಎಂಜಿನ್. ಆ ಕಾಲದಲ್ಲಿ ಇಲ್ಲಿ ಆ ಬೆಲೆಗೆ ಇಂಥ ಕಾರು ಸಿಗುವುದೇ ಅಪರೂಪ. 2003ರಲ್ಲಿ ಹೊಸ ಆಕಾರದ ಸಿಟಿ ಬಂತು. ಅದರ ಐ-ಡಿಎಸ್‌ಐ ಎಂಜಿನ್ 77 ಅಶ್ವಶಕ್ತಿಯದ್ದು, ಮೈಲೇಜ್ ನೋಡಿ ಮಾಡಿದ್ದು. ಹಾಗಾಗಿ ಹಳೆಯ ವಿಟೆಕ್ ಇಟ್ಟುಕೊಂಡವರು ಅದನ್ನು ಸುಲಭಕ್ಕೆ ಕೊಡುವುದಿಲ್ಲ. ನಮ್ಮ ಮಾಲೀಕರಿಗೂ ಅಷ್ಟೇ. ಅವರ ತಂದೆ ಹೊಸದಾಗಿ ಕೊಂಡ ಕಾರು ಅದು.

ಈ ಎಂಜಿನ್‌ನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿಯ ವ್ಯವಸ್ಥೆ ಹಳೆಯ ಕ್ರಮದ್ದು. ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೇ, ವೋಲ್ಟೇಜ್ ಏರಿಸುವ ಒಂದು ಕಾಯಿಲ್ ಇರುತ್ತದೆ. ಅಲ್ಲಿ ಹುಟ್ಟಿದ ಕರೆಂಟನ್ನು ತಿರುಗುವ ರೋಟರ್ ಒಂದೊಂದಾಗಿ ನಾಲ್ಕು ವೈರ್‌ಗಳಿಗೆ ಹಂಚುತ್ತದೆ. ವೈರ್‌ಗಳು ಎಂಜಿನ್‌ನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರ್ ಮೇಲೆ ಹಾದು, ಆಳವಾದ ಕೊಳವೆಗಳೊಳಗೆ ಇಳಿದು, ತಳದಲ್ಲಿ ಕಿಡಿ ಹಾರಿಸುವ ಪ್ಲಗ್ ಮೇಲೆ ಕೂರುತ್ತವೆ. ಇಂದಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಪ್ರತಿ ಪ್ಲಗ್ ಮೇಲೂ ಒಂದೊಂದು ಕಾಯಿಲ್ ಇದೆ, ಉದ್ದದ ವೈರ್ ಇಲ್ಲವೇ ಇಲ್ಲ. ಈಗಿನ ಹುಡುಗರು ಎಷ್ಟೇ ಜಾಣ ಮೆಕ್ಯಾನಿಕ್‌ಗಳಾಗಿದ್ದರೂ ಪ್ಲಗ್ ವೈರ್ ಕೆಡುವ ಬಗೆಗಳನ್ನು ಕಂಡಿರುವುದು ಕಡಿಮೆ. ಈ ಪ್ರಕರಣ ಅಷ್ಟು ಎಳೆದಾಡಲು ಅದೂ ಒಂದು ಕಾರಣ.

ತೊಂದರೆ

ಮೇ ಕೊನೆಯವರೆಗೆ ಕಾರು ಚೆನ್ನಾಗಿತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಘಾಟಿ ಹತ್ತುವಾಗ ಜರ್ಕ್ ಶುರುವಾಯಿತು. ತಿರುವು ದಾಟಿ, ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಕಾರು ಎಳೆಯುವ ಬದಲು ತಡವರಿಸುತ್ತಿತ್ತು. ಕಾಲು ಸ್ವಲ್ಪ ಸಡಿಲಿಸಿದರೆ ಸರಿ. ಮೇಲೆ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ನೀರುದೋಸೆ ತಿಂದು ಹೊರಟರೆ ಏನೂ ಇಲ್ಲ. ವಾಪಸ್ ಇಳಿಯುವಾಗಲೂ ಏನೂ ಇಲ್ಲ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಬಿಟ್ಟಾಗ, ಎಂಜಿನ್ ಸದ್ದು ನಯವಾಗಿಯೇ ಇತ್ತು. ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ದೀಪವೂ ಹೊತ್ತಲಿಲ್ಲ. ಯಾವ ಸಿಲಿಂಡರ್ ತಪ್ಪುತ್ತಿದೆ ಎಂದು ಹೇಳುವ ಏರ್ಪಾಡು ಈ ಕಾರಿನಲ್ಲಿ ಇಲ್ಲ.

ಗ್ಯಾರೇಜಿಗೆ ತಂದಾಗ ಒಣ ರಸ್ತೆ, ಸಮತಟ್ಟು ಜಾಗ. ಅಲ್ಲಿ ತೊಂದರೆ ಬರುವುದೇ ಇಲ್ಲ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, "ಗಾಡಿ ಸರಿ ಇದೆಯಲ್ಲಾ ಮೇಡಂ" ಅಂದರು.

ಮೊದಲು ಮಾಡಿದ್ದು

ಮಳೆಗಾಲ ಅಂದ ಕೂಡಲೇ ಎಲ್ಲರ ಅನುಮಾನ ಪೆಟ್ರೋಲ್‌ನಲ್ಲಿ ನೀರು ಸೇರಿದೆ ಅನ್ನುವ ಕಡೆ ಹೋಯಿತು. ಫ್ಯೂಯಲ್ ಫಿಲ್ಟರ್ ಬದಲಿಸಿದರು. ತೊಂದರೆ ಹೋಗಲಿಲ್ಲ. ಆಮೇಲೆ ಎಥೆನಾಲ್ ಮೇಲೆ ದೂರು ಬಂತು. ನೂರಕ್ಕೆ 20 ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲ್‌ನಿಂದ ಹಳೆಯ ಕಾರುಗಳಿಗೆ ಕಷ್ಟ ಇರುವುದು ನಿಜ. ಮೈಲೇಜ್ ಇಳಿಯುತ್ತದೆ, ಹಳೆಯ ರಬ್ಬರ್ ಪೈಪು ಸೀಲುಗಳಿಗೂ ಒಳ್ಳೆಯದಲ್ಲ. ಆದರೆ ಅದೇ ಪೆಟ್ರೋಲ್ ಹಾಕಿದ ಕಾರು ಒಣ ದಿನಗಳಲ್ಲಿ ಅದೇ ಘಾಟಿಯನ್ನು ಸರಾಗವಾಗಿ ಹತ್ತುತ್ತಿತ್ತು, ಅಲ್ವಾ? ಈ ಒಂದು ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ.

ಮೂರನೆಯದಾಗಿ ಪ್ಲಗ್ ಬದಲಿಸಿದರು. ಕಾರು ಸುಧಾರಿಸಿತು! ಮಳೆಯಲ್ಲೂ ಘಾಟಿ ಹತ್ತಿತು. ಎಲ್ಲರಿಗೂ ಸಮಾಧಾನ. ಆದರೆ ಕೆಲವು ವಾರ ಕಳೆದ ಮೇಲೆ ಜರ್ಕ್ ಮತ್ತೆ ಬಂತು, ಈ ಸಲ ಮೊದಲಿಗಿಂತ ಜೋರಾಗಿ. "ಹಾಗಾದ್ರೆ ಫ್ಯೂಯಲ್ ಪಂಪೇ ವೀಕ್ ಆಗಿದೆ, ಹಾಕಿಬಿಡೋಣ" ಎಂದರು ಮೆಕ್ಯಾನಿಕ್. ಪಂಪ್‌ನ ಬೆಲೆ ಕೇಳಿ ಮಾಲೀಕರು, "ಸ್ವಲ್ಪ ತಡೀರಿ ಅಣ್ಣ, ಇನ್ನೊಬ್ಬರನ್ನು ಕೇಳ್ತೇನೆ" ಅಂದರು. ಇಡೀ ಪ್ರಕರಣದಲ್ಲಿ ಇದು ಮುಖ್ಯವಾದ ನಿರ್ಧಾರ ಅಂತ ನನಗನಿಸುತ್ತದೆ. ಪಂಪ್ ಹಾಕಿದ್ದರೆ ಹಣ ಹೋಗುತ್ತಿತ್ತು, ಮಳೆಗಾಲ ಮುಗಿದಾಗ ಜರ್ಕ್ ತಾನಾಗಿ ನಿಲ್ಲುತ್ತಿತ್ತು, ಪಂಪೇ ಕಾರಣ ಎಂದು ಎಲ್ಲರೂ ನಂಬಿ ಮುಂದಿನ ಜೂನ್‌ವರೆಗೆ ಸುಮ್ಮನಿರುತ್ತಿದ್ದರು.

ಪ್ಲಗ್ ಬದಲಿಸಿದಾಗ ಸ್ವಲ್ಪ ದಿನ ಸರಿಯಾಗಿದ್ದು ಯಾಕೆ? ಈ ಎಂಜಿನ್‌ಗೆ ಪ್ಲಗ್ ಗ್ಯಾಪ್, ಅಂದರೆ ಕಿಡಿ ಹಾರುವ ಸಂದಿ, ಸುಮಾರು 1.1 ಮಿಲಿಮೀಟರ್ ಇರಬೇಕು. ತೆಗೆದ ಪ್ಲಗ್‌ಗಳು ಸವೆದು ಗ್ಯಾಪ್ ದೊಡ್ಡದಾಗಿತ್ತು. ಗ್ಯಾಪ್ ದೊಡ್ಡದಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಆಗ ಇನ್ನೂ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಹೀಗೆ ವೋಲ್ಟೇಜ್ ಏರಿದಾಗ ಕರೆಂಟ್ ಎಲ್ಲಿ ಸುಲಭವೋ ಅಲ್ಲಿಂದ ತಪ್ಪಿಸಿಕೊಳ್ಳುತ್ತದೆ. ವೈರ್‌ನ ಹೊದಿಕೆ ಬಿರುಕು ಬಿಟ್ಟಿದ್ದು, ಮೇಲೆ ತೇವವೂ ಇದ್ದರೆ, ಪ್ಲಗ್‌ನ ಗ್ಯಾಪ್ ದಾಟುವುದಕ್ಕಿಂತ ಎಂಜಿನ್‌ನ ಲೋಹಕ್ಕೆ ಹಾರುವುದೇ ಅದಕ್ಕೆ ಸುಲಭ. ಹೊಸ ಪ್ಲಗ್ ಬಂದಾಗ ಬೇಕಾದ ವೋಲ್ಟೇಜ್ ಸ್ವಲ್ಪ ಇಳಿಯಿತು. ಸೋರುವ ವೈರ್ ಆ ಮಟ್ಟವನ್ನು ಹೇಗೋ ತಡೆದುಕೊಂಡಿತು. ಹೊದಿಕೆ ಇನ್ನಷ್ಟು ಕೆಟ್ಟಾಗ ಅದೂ ಆಗಲಿಲ್ಲ. ಅಂದರೆ ಹೊಸ ಪ್ಲಗ್ ರೋಗವನ್ನು ಗುಣ ಮಾಡಲಿಲ್ಲ, ಅದರ ಭಾರ ಇಳಿಸಿತು. ಅರ್ಧ ಸರಿಹೋದ ಕಾರು ಪೂರ್ತಿ ಕೆಟ್ಟ ಕಾರಿಗಿಂತ ಜಾಸ್ತಿ ದಾರಿ ತಪ್ಪಿಸುತ್ತದೆ.

ಪರೀಕ್ಷೆ

ಮಾಲೀಕರು ನನಗೆ ಫೋನ್ ಮಾಡಿದ್ದು ಆ ಹೊತ್ತಿಗೆ. ಹಳೆಯ ಹೋಂಡಾಗಳ ಜೊತೆ ಬಹಳ ವರ್ಷ ಕಳೆದವನು ನಾನು, ಆ ಎಂಜಿನ್ ಮೇಲೆ ಪ್ರೀತಿಯೂ ಇದೆ. ಮೊದಲು ಕೇಳಿದ್ದು, ಜರ್ಕ್ ಹೇಗೆ ಬರುತ್ತದೆ ಅಂತ. ಪೆಟ್ರೋಲ್ ಸಾಲದಿದ್ದರೆ ಸಾಮಾನ್ಯವಾಗಿ ಎಳೆತ ನಿಧಾನವಾಗಿ ಸೊರಗುತ್ತದೆ. ಕಿಡಿ ತಪ್ಪಿದರೆ ಫಟ್ ಫಟ್ ಎಂದು ಒಮ್ಮೆಲೇ ಕಡಿದು, ಒಮ್ಮೆಲೇ ಮರಳುತ್ತದೆ. "ಯಾರೋ ಸ್ವಿಚ್ ಆಫ್ ಮಾಡಿ ಆನ್ ಮಾಡಿದ ಹಾಗೆ" ಎಂದರು ಅವರು. ಕೊಟ್ಟಿಗೆಹಾರದಲ್ಲಿ ನಿಂತ ಮೇಲೆ ಸರಿಹೋಗುವ ವಿಷಯ ಹೇಳಿದಾಗ ಅನುಮಾನ ಗಟ್ಟಿಯಾಯಿತು. ಬಿಸಿ ಎಂಜಿನ್ ಆಫ್ ಮಾಡಿ ನಿಲ್ಲಿಸಿದರೆ ಬಾನೆಟ್ ಒಳಗೆ ಶಾಖ ತುಂಬಿಕೊಳ್ಳುತ್ತದೆ. ವೈರ್‌ಗಳ ಮೇಲಿನ ತೇವ ಆ ಶಾಖಕ್ಕೆ ಒಣಗುತ್ತದೆ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಜೊತೆ ಸೇರಿ ನೋಡಿದೆವು. ಅವರು ತಿಳಿದ ಮನುಷ್ಯ, ಕೆಲಸದಲ್ಲಿ ಶ್ರದ್ಧೆ ಇದ್ದವರು. ಎಂಜಿನ್ ಓಡುತ್ತಿರುವಾಗ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕನೆಕ್ಟರ್ ಒಂದೊಂದಾಗಿ ತೆಗೆದು, ಆಯಾ ಸಿಲಿಂಡರ್ ನಿಲ್ಲಿಸಿ ನೋಡಿದರು. ನಾಲ್ಕರಲ್ಲೂ ಎಂಜಿನ್ ಒಂದೇ ಸಮ ಕುಸಿಯಿತು. ಅಂದರೆ ನಾಲ್ಕೂ ಸಿಲಿಂಡರ್ ದುಡಿಯುತ್ತಿವೆ. ಇದು ಒಳ್ಳೆಯ ಪರೀಕ್ಷೆಯೇ. ಓಡುವ ಎಂಜಿನ್‌ನ ಪ್ಲಗ್ ವೈರ್ ಕಿತ್ತು ನೋಡುವ ಹಳೆಯ ಪದ್ಧತಿಗಿಂತ ಎಷ್ಟೋ ಸುರಕ್ಷಿತ. ಹಾಗೆ ವೈರ್ ಕಿತ್ತರೆ ಕೈಗೆ ಹೊಡೆತ ಬೀಳಬಹುದು, ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲ್ ನಡೆಸುವ ಇಗ್ನೈಟರ್ ಸುಡಬಹುದು. ಆದರೆ ಇಂಜೆಕ್ಟರ್ ಪರೀಕ್ಷೆ ನಡೆದದ್ದು ಐಡಲ್‌ನಲ್ಲಿ. ನಮ್ಮ ತೊಂದರೆ ಇದ್ದದ್ದು ಭಾರ ಬಿದ್ದಾಗ.

ಮುಂದಿನದು ಮೀಟರ್. ಹೋಂಡಾದ ಲೆಕ್ಕದಲ್ಲಿ ಈ ಬಗೆಯ ಎಂಜಿನ್‌ಗಳ ಒಂದೊಂದು ವೈರ್‌ನ ರೆಸಿಸ್ಟೆನ್ಸ್, ಅಂದರೆ ಕರೆಂಟ್‌ಗೆ ಅದು ಒಡ್ಡುವ ತಡೆ, 25 ಕಿಲೋ ಓಮ್ ಮೀರಬಾರದು. ನಮ್ಮ ನಾಲ್ಕೂ ವೈರ್ ಅದರೊಳಗೇ ಇದ್ದವು. "ನೋಡಿ ಸಾರ್, ವೈರ್ ಪಕ್ಕಾ ಇದೆ" ಅಂದರು ಮೆಕ್ಯಾನಿಕ್.

ಇಲ್ಲಿಗೆ ಬಹಳ ಜನ ವೈರ್‌ಗಳನ್ನು ಕೈಬಿಡುತ್ತಾರೆ. ಓಮ್ ಮೀಟರ್ ಅಳೆಯುವುದು ವೈರ್ ಒಳಗಿನ ದಾರಿಯನ್ನು ಮಾತ್ರ. ಆ ದಾರಿ ಕಡಿದಿದ್ದರೆ ಹೇಳುತ್ತದೆ. ಸುತ್ತಲಿನ ರಬ್ಬರ್ ಹೊದಿಕೆ 20,000 ವೋಲ್ಟ್ ಮೇಲೆ ಬಂದಾಗ ತಡೆಯುತ್ತದೋ ಇಲ್ಲವೋ ಎಂದು ಅದರ ಪುಟ್ಟ ಬ್ಯಾಟರಿ ಹೇಗೆ ಹೇಳೀತು? ನೀರಿನ ಕೊಳವೆಯಲ್ಲಿ ನೀರು ಬರುತ್ತಿದೆ ಎಂದು ನೋಡಿದ ಮಾತ್ರಕ್ಕೆ ಕೊಳವೆ ಎಲ್ಲೂ ಸೋರುತ್ತಿಲ್ಲ ಎಂದು ಹೇಳಲಾಗದು.

ಸಂಜೆ ಕತ್ತಲಾಗುವವರೆಗೆ ಕಾದೆವು. ಗ್ಯಾರೇಜಿನ ದೀಪ ಆರಿಸಿ ಎಂಜಿನ್ ಶುರು ಮಾಡಿದೆವು. ಗಿಡಗಳಿಗೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ಬರೀ ನೀರನ್ನು ಮಂಜಿನಷ್ಟು ತೆಳುವಾಗಿ ವೈರ್‌ಗಳ ಮೇಲೆ ಬಿಟ್ಟೆವು. ಇದನ್ನು ಮಾಡುವವರು ದೂರ ನಿಂತು ಮಾಡಬೇಕು. ಕೈ ಎಂಜಿನ್‌ಗೆ ತಾಗಬಾರದು, ಬೆಲ್ಟ್ ಮತ್ತು ಫ್ಯಾನ್ ಹತ್ತಿರ ಹೋಗಬಾರದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರವೇ ಬರಬಾರದು. ಒಂದು, ಎರಡನೇ ವೈರ್‌ನಲ್ಲಿ ಏನೂ ಕಾಣಲಿಲ್ಲ. ಮೂರನೇ ವೈರ್ ಮೇಲೆ ನೀರು ಬಿದ್ದದ್ದೇ ತಡ, ಟಿಕ್ ಟಿಕ್ ಸದ್ದು, ಜೊತೆಗೆ ವೈರ್‌ನಿಂದ ಟ್ಯಾಪೆಟ್ ಕವರ್‌ಗೆ ನೀಲಿ ಕಿಡಿ. ಎಂಜಿನ್ ಕುಂಟಲು ಶುರುವಾಯಿತು. "ಶಾರ್ಟ್ ಆಗ್ತಾ ಉಂಟು ಸಾರ್!" ಎಂದು ಮೆಕ್ಯಾನಿಕ್ ಕೂಗಿದರು.

ಹಗಲಲ್ಲಿ ಆ ಜಾಗ ನೋಡಿದಾಗ ಕಾರಣ ಸಿಕ್ಕಿತು. ವೈರ್‌ಗಳನ್ನು ಕವರ್‌ನಿಂದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಯಾವಾಗಲೋ ಮುರಿದುಹೋಗಿತ್ತು. ಯಾರೂ ಮತ್ತೆ ಹಾಕಿರಲಿಲ್ಲ. ಮೂರನೇ ವೈರ್ ಅಲ್ಯೂಮಿನಿಯಂ ಅಂಚಿನ ಮೇಲೆ ವರ್ಷಗಟ್ಟಲೆ ಉಜ್ಜುತ್ತಾ ಬಂದು ಹೊದಿಕೆ ತೆಳುವಾಗಿತ್ತು.

ವೈರ್ ಹಾಕಬೇಕೋ, ಕಾಯಬೇಕೋ

ವೈರ್ ತೆಗೆಯುವಾಗ ಇನ್ನೊಂದು ವಿಷಯ ಕಂಡಿತು. ವೈರ್ ತುದಿಯಲ್ಲಿ ಪ್ಲಗ್ ಮೇಲೆ ಟೊಪ್ಪಿಯಂತೆ ಕೂರುವ ರಬ್ಬರ್ ಬೂಟ್ ಮೂರನೇ ಪ್ಲಗ್‌ನಲ್ಲಿ ಎಣ್ಣೆಯಲ್ಲಿ ನೆನೆದು ಊದಿಕೊಂಡಿತ್ತು. ತಿರುಗಿಸಿ ಎಳೆದರೂ ತುದಿ ಹರಿದು ಕೊಳವೆಯೊಳಗೇ ಉಳಿಯಿತು. ಉದ್ದ ಮೂತಿಯ ಪ್ಲೈಯರ್‌ನಿಂದ ತೆಗೆಯಬೇಕಾಯಿತು. ಕೊಳವೆಯ ತಳದಲ್ಲಿ ಎಂಜಿನ್ ಆಯಿಲ್ ನಿಂತಿತ್ತು.

ಈ ಎಂಜಿನ್‌ಗಳಲ್ಲಿ ಇದು ಸಾಮಾನ್ಯ. ಟ್ಯಾಪೆಟ್ ಕವರ್ ಪ್ಲಗ್ ಕೊಳವೆಗಳ ಮೇಲೆ ಕೂರುವಲ್ಲಿ ದುಂಡನೆಯ ಸೀಲ್‌ಗಳಿವೆ. ವರ್ಷಗಳು ಕಳೆದಂತೆ ಬಿಸಿಗೆ ಅವು ಗಟ್ಟಿಯಾಗುತ್ತವೆ, ಆಯಿಲ್ ಒಳಗೆ ಇಳಿಯುತ್ತದೆ. ಆಯಿಲ್ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಊದಿದ ಬೂಟ್ ಪ್ಲಗ್‌ನ ಪಿಂಗಾಣಿಯನ್ನು ಬಿಗಿಯಾಗಿ ಅಪ್ಪುವುದಿಲ್ಲ. ಆ ಸಂದಿಯಲ್ಲಿ ಕರೆಂಟ್ ಹರಿದು ಪಿಂಗಾಣಿಯ ಮೇಲೆ ಸಣ್ಣ ಕಪ್ಪು ಗೆರೆ ಬೀಳುತ್ತದೆ. ಒಮ್ಮೆ ಬಿದ್ದ ಗೆರೆಯೇ ಮುಂದೆ ಕರೆಂಟ್‌ಗೆ ದಾರಿ. ಹೊಸದಾಗಿ ಹಾಕಿದ್ದ ಮೂರನೇ ಪ್ಲಗ್ ಮೇಲೆ ಆಗಲೇ ಆ ಗೆರೆ ಮೂಡಿತ್ತು. ಎರಡನೇ ಸಲ ಜರ್ಕ್ ಜೋರಾಗಿದ್ದಕ್ಕೆ ಅದೂ ಕಾರಣ.

ಮೆಕ್ಯಾನಿಕ್‌ಗೆ ಅವತ್ತೇ ಹೊಸ ವೈರ್ ಹಾಕಿ ಗಾಡಿ ಕೊಡಬೇಕೆಂದಿತ್ತು. ಸೀಲ್ ಕಿಟ್ ಅಲ್ಲಿ ಸಿಗಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕಿತ್ತು. ಅಲ್ಲಿಯವರೆಗೆ ಕಾಯೋಣ ಎಂದೆ ನಾನು. ಆಯಿಲ್ ಸೋರುವ ಕೊಳವೆಗೆ ಹೊಸ ಬೂಟ್ ಇಳಿಸಿದರೆ ಅದೂ ಊದುತ್ತದೆ. ಅವರು ಸ್ವಲ್ಪ ಬೇಸರಪಟ್ಟರು, ಆದರೆ ಒಪ್ಪಿದರು. ಕಾರು ಗ್ಯಾರೇಜಿನಲ್ಲೇ ಉಳಿಯಿತು, ಮಾಲೀಕರು ಬಸ್ಸಿನಲ್ಲಿ ತವರಿಗೆ ಹೋಗಿ ಬಂದರು.

ಈ ನಡುವೆ ಅವರ ತಮ್ಮ ಆನ್‌ಲೈನ್‌ನಲ್ಲಿ ಒಂದು ಕೆಂಪು ವೈರ್ ಸೆಟ್ ತರಿಸಿದ್ದ. ದಪ್ಪ, ಹೊಳಪು, ಪವರ್ ಜಾಸ್ತಿಯಾಗುತ್ತದೆ ಎಂಬ ಮಾತು ಪೊಟ್ಟಣದ ಮೇಲೆ. "ಅಕ್ಕ, ಇದೇ ಹಾಕಿಸು" ಅಂತ ಅವನ ಒತ್ತಾಯ. ಮೀಟರ್ ಇಟ್ಟು ನೋಡಿದರೆ ರೆಸಿಸ್ಟೆನ್ಸ್ ಹೆಚ್ಚುಕಡಿಮೆ ಸೊನ್ನೆ. ಒಳಗಿದ್ದದ್ದು ಬರೀ ತಂತಿ. ಕಂಪನಿ ವೈರ್‌ನಲ್ಲಿ ರೆಸಿಸ್ಟೆನ್ಸ್ ಇರುವುದು ಬೇಕೆಂದೇ. ಪ್ರತಿ ಕಿಡಿಯ ಜೊತೆ ಹುಟ್ಟುವ ರೇಡಿಯೊ ಗದ್ದಲವನ್ನು ಅದು ತಗ್ಗಿಸುತ್ತದೆ. ಅದಿಲ್ಲದಿದ್ದರೆ ರೇಡಿಯೊ ಕರಕರ ಅನ್ನುತ್ತದೆ, ಆರ್‌ಪಿಎಂ ಮುಳ್ಳು ಕುಣಿಯಬಹುದು, ಎಂಜಿನ್ ನಡೆಸುವ ಕಂಪ್ಯೂಟರ್‌ಗೆ ಬರುವ ಸಂಕೇತಗಳೂ ಕೆಡಬಹುದು. ಹೊದಿಕೆ ದಪ್ಪವಾದ ಮಾತ್ರಕ್ಕೆ ಪವರ್ ಬರುವುದಿಲ್ಲ. ಒಳ್ಳೆಯ ವೈರ್ ಮಾಡುವುದು ಇಷ್ಟೇ: ಎಂಜಿನ್ ಕಳೆದುಕೊಂಡಿದ್ದ ಪವರನ್ನು ಅದಕ್ಕೆ ವಾಪಸ್ ಕೊಡುತ್ತದೆ. ಕೆಂಪು ಸೆಟ್ ಹಿಂದಕ್ಕೆ ಕಳಿಸಿ, ಕಾರ್ಬನ್ ಕೋರ್ ಇರುವ, ಕಂಪನಿ ಅಳತೆಯ ಸೆಟ್ ತರಿಸಿದೆವು. ಅಂಗಡಿಯಲ್ಲೇ ಮೀಟರ್ ಇಟ್ಟು ನೋಡಿ ತರಲು ಹೇಳಿದ್ದೆ. ಮಾರುಕಟ್ಟೆಯಲ್ಲಿ ನಕಲಿ ಮಾಲು ಬಹಳ.

ಜೋಡಣೆ

ಎಂಜಿನ್ ಪೂರ್ತಿ ತಣ್ಣಗಿರುವಾಗ ಕೆಲಸ ಶುರು ಮಾಡಿದೆವು. ಕೊಳವೆಗಳ ಆಯಿಲ್ ಬಟ್ಟೆಯಿಂದ ಹೀರಿ, ಗಾಳಿ ಹೊಡೆದು ಸ್ವಚ್ಛ ಮಾಡಿದ ಮೇಲೆಯೇ ಪ್ಲಗ್ ಬಿಚ್ಚಿದ್ದು. ಮೊದಲೇ ಬಿಚ್ಚಿದರೆ ಕಸ, ಆಯಿಲ್ ಎಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಟ್ಯಾಪೆಟ್ ಕವರ್ ಎತ್ತಿ, ನಾಲ್ಕೂ ಕೊಳವೆ ಸೀಲ್ ಮತ್ತು ಸುತ್ತಲಿನ ಪ್ಯಾಕಿಂಗ್ ಬದಲಿಸಿದರು. ಗೆರೆ ಬಿದ್ದ ಒಂದು ಪ್ಲಗ್ ಬದಲು ನಾಲ್ಕೂ ಹೊಸದು ಹಾಕಿದೆವು. ಪ್ಲಗ್ ಬಿಗಿಯಲು ಟಾರ್ಕ್ ವ್ರೆಂಚ್, 18 ನ್ಯೂಟನ್ ಮೀಟರ್. ಹೆಡ್ ಅಲ್ಯೂಮಿನಿಯಂದು, ತೋಳ್ಬಲಕ್ಕೆ ಬಿಟ್ಟರೆ ಥ್ರೆಡ್ ಹೋಗುತ್ತದೆ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗಿನ ಮೊಳೆಗಳು ಸುಟ್ಟು ಬಿಳಿ ಪುಡಿ ಹಿಡಿದಿದ್ದವು. ಕ್ಯಾಪ್ ಮತ್ತು ರೋಟರ್ ಕೂಡ ಬದಲಾದವು. ಡಿಸ್ಟ್ರಿಬ್ಯೂಟರ್ ಒಳಗೆ ಆಯಿಲ್ ಇಳಿದಿದೆಯೇ ಎಂದು ನೋಡಿದೆವು. ಅದೃಷ್ಟಕ್ಕೆ ಒಣಗಿತ್ತು. ಅಲ್ಲಿ ಆಯಿಲ್ ಇದ್ದಿದ್ದರೆ ಕೆಲಸ ಇನ್ನೂ ದೊಡ್ಡದಾಗುತ್ತಿತ್ತು.

ಹಳೆಯ ಕ್ಯಾಪ್ ಜಾಗದಲ್ಲೇ ಇರುವಾಗ ಒಂದು ಫೋಟೋ ತೆಗೆದುಕೊಂಡಿದ್ದೆವು. ಹೊಸ ಕ್ಯಾಪ್‌ನ್ನು ಪಕ್ಕದಲ್ಲಿ ಅದೇ ದಿಕ್ಕಿಗೆ ಹಿಡಿದು, ವೈರ್‌ಗಳನ್ನು ಒಂದೊಂದಾಗಿ ಸಾಗಿಸಿದೆವು. ಒಂದು ವೈರ್ ಹಳೆಯದರಿಂದ ಬಿಚ್ಚು, ಅದರ ಉದ್ದಕ್ಕೆ ಸಮನಾದ ಹೊಸದನ್ನು ಹೊಸ ಕ್ಯಾಪ್‌ನ ಅದೇ ಜಾಗಕ್ಕೆ ಕೂರಿಸು, ಆಮೇಲೆ ಮುಂದಿನದು. ಕಿಡಿಯ ಸರದಿ 1-3-4-2 ಎಂದು ಬಾಯಿಪಾಠ ಇದ್ದವರೂ ನಾಲ್ಕನ್ನೂ ಒಟ್ಟಿಗೆ ಕೀಳಬಾರದು ಅಂತ ನನ್ನ ಅಭಿಪ್ರಾಯ. ಬೂಟ್ ಒಳಗೆ ಕರೆಂಟ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿದೆವು, ಲೋಹದ ತುದಿಗೆ ಮೆತ್ತಲಿಲ್ಲ. ಮುರಿದ ಕ್ಲಿಪ್ ಜಾಗಕ್ಕೆ ಹೊಸ ಕ್ಲಿಪ್ ಹಾಕಿದೆವು. ವೈರ್‌ಗಳು ಕವರ್‌ಗೂ ತಾಗದ ಹಾಗೆ, ಒಂದಕ್ಕೊಂದೂ ಅಂಟದ ಹಾಗೆ ನಿಂತವು.

ಎಂಜಿನ್ ಶುರು ಮಾಡಿದಾಗ ಸಣ್ಣ ಟಿಕ್ ಸದ್ದು. ಎಲ್ಲರ ಮುಖ ಬಾಡಿತು. ನಾಲ್ಕನೇ ಬೂಟ್ ಪೂರ್ತಿ ಇಳಿದಿರಲಿಲ್ಲ. ಆಫ್ ಮಾಡಿ ಒತ್ತಿದಾಗ ಕಟ್ ಎಂದು ಕೂತಿತು. ಆ ಸದ್ದು ಕೈಗೆ ಗೊತ್ತಾಗುವವರೆಗೆ ಒತ್ತಬೇಕು. ಕೊಳವೆ ಆಳವಾಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ.

ಏನಾಯಿತು

ಕತ್ತಲಲ್ಲಿ ಮತ್ತೆ ನೀರು ಹೊಡೆದೆವು. ಒಂದು ಕಿಡಿಯೂ ಕಾಣಲಿಲ್ಲ. ಆ ವಾರಾಂತ್ಯ ಜೋರು ಮಳೆ, ಮಂಜು. ಮಾಲೀಕರು ಚಾರ್ಮಾಡಿ ಹತ್ತಿದರು, ಒಮ್ಮೆಯೂ ಜರ್ಕ್ ಬರಲಿಲ್ಲ. ಮೇಲಿನಿಂದ ಫೋನ್ ಮಾಡಿ, "ಅಪ್ಪ ಓಡಿಸ್ತಿದ್ದಾಗ ಹೇಗಿತ್ತೋ ಹಾಗೇ ಇದೆ" ಎಂದರು. ಎಂಜಿನ್ ನಿಧಾನವಾಗಿ ಸುತ್ತುವಾಗಲೂ ಎಳೆತ ಗಟ್ಟಿಯಾಗಿತ್ತು. ಹಿಂದಿನಿಂದ ಬರುತ್ತಿದ್ದ ಹಸಿ ಪೆಟ್ರೋಲ್ ವಾಸನೆಯೂ ನಿಂತಿತ್ತು. ಕಿಡಿ ತಪ್ಪಿದಾಗ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತದೆ, ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅದರಿಂದ ವಿಪರೀತ ಕಾದು ಹಾಳಾಗಬಹುದು. ಇನ್ನೊಂದು ಮಳೆಗಾಲ ಹೀಗೇ ಓಡಿಸಿದ್ದರೆ ಆ ಖರ್ಚೂ ಬರುತ್ತಿತ್ತೇನೋ.

ಎಸಿ ಹಾಕಿದಾಗ ಐಡಲ್ ಸ್ವಲ್ಪ ಏರಿಳಿಯುವುದು ಮಾತ್ರ ಹಾಗೇ ಉಳಿಯಿತು. ಅದು ವೈರ್‌ಗೆ ಸಂಬಂಧಪಟ್ಟದ್ದಲ್ಲ, ಬೇರೆಯಾಗಿ ನೋಡಬೇಕು. ಎರಡನ್ನೂ ಬೆರೆಸಿದ್ದರೆ ನಾವೂ ದಾರಿ ತಪ್ಪುತ್ತಿದ್ದೆವು.

ಮೆಕ್ಯಾನಿಕ್ ಈಗ ಗ್ಯಾರೇಜಿನಲ್ಲಿ ಸ್ಪ್ರೇ ಬಾಟಲಿ ಇಟ್ಟುಕೊಂಡಿದ್ದಾರೆ. ವೈರ್ ಇರುವ ಯಾವ ಹಳೆಯ ಕಾರು ಮಳೆಯಲ್ಲಿ ಮಿಸ್ಸಿಂಗ್ ಎಂದು ಬಂದರೂ ಪೆಟ್ರೋಲ್ ಕಡೆ ಹೋಗುವ ಮೊದಲು ಸಂಜೆವರೆಗೆ ನಿಲ್ಲಿಸಿಕೊಳ್ಳುತ್ತಾರೆ. ತೊಂದರೆ ಯಾವ ಹವೆಯಲ್ಲಿ, ಎಷ್ಟು ಭಾರದಲ್ಲಿ ಬರುತ್ತದೋ ಅದನ್ನೇ ಗ್ಯಾರೇಜಿನಲ್ಲಿ ಹುಟ್ಟಿಸಿ ನೋಡುವುದು, ಆಮೇಲೆ ಪಾರ್ಟ್ ಕೊಳ್ಳುವುದು: ಈ ಕ್ರಮ ಅವರಿಗೆ ಹಿಡಿಸಿದೆ. ವೈರ್ ಕೆಟ್ಟರೆ ಅದನ್ನು ಕೆಡಿಸಿದ್ದು ಯಾವುದು ಎಂದೂ ನೋಡುತ್ತಾರೆ. ಈ ಕಾರಿನಲ್ಲಿ ಕೆಡಿಸಿದ್ದು ಒಂದು ಮುರಿದ ಕ್ಲಿಪ್, ಗಟ್ಟಿಯಾದ ಒಂದು ಸೀಲ್.

ಮುಂದಿನ ಸರ್ವಿಸ್‌ನಲ್ಲಿ ಪ್ಲಗ್ ತೆಗೆದಾಗ ನಾಲ್ಕೂ ಒಂದೇ ತಿಳಿಗಂದು ಬಣ್ಣಕ್ಕಿದ್ದವು. ಮೂರನೇ ಕೊಳವೆ ಒಣಗಿತ್ತು, ಗ್ಯಾಪ್ ಸರಿಯಿತ್ತು. ಅವೇ ಪ್ಲಗ್‌ಗಳನ್ನು ವಾಪಸ್ ಹಾಕಿದರು.